ಅಪ್‌ಡೇಟ್: 35 ಇಂಚಿನ ಬೇಸ್ ಕೈಗೆ ಬಂತು

ಐದು ತಂತಿಯ ಬೇಸ್ ಗಿಟಾರ್ ಮಾಡಿಸುತ್ತಿದ್ದೇನೆ, ಸ್ಕೇಲ್ (ತಂತಿಯ ಕಂಪಿಸುವ ಭಾಗದ ಉದ್ದ) 34 ಇಂಚು ಇರಲಾ 35 ಇರಲಾ ಅಂತ ಕೇಳಿದ್ದೆ. ಹೆಚ್ಚಿನವರು 35 ಅಂದಿರಿ. ಅದನ್ನೇ ಮಾಡಿಸಿದೆ. ತುಂಬಾ ಥ್ಯಾಂಕ್ಸ್!

ಎಲ್ಲಕ್ಕಿಂತ ತಗ್ಗಿನ ಸ್ವರದ ಬಿ ತಂತಿ ಈಗ ಎಷ್ಟು ಸ್ಪಷ್ಟವಾಗಿದೆ ಗೊತ್ತಾ? ಆ ಸ್ವರ ಸುಮಾರು 31 ಹರ್ಟ್ಸ್. ತಂತಿ ಸಡಿಲವಿದ್ದರೆ ಬರೀ ಗುಂಯ್ ಅನ್ನುತ್ತದೆ, ಸ್ವರ ಬಿಡಿಸಿ ಕೇಳುವುದಿಲ್ಲ. ಅದೇ ತಂತಿ, ಅದೇ ಸ್ವರ ಇಟ್ಟು ಒಂದು ಇಂಚು ಉದ್ದ ಮಾಡಿದರೆ ಬಿಗಿ ಸುಮಾರು ಶೇ. 6ರಷ್ಟು ಹೆಚ್ಚುತ್ತದೆ. ಲೆಕ್ಕದಲ್ಲಿ ಸಣ್ಣದು, ಬೆರಳಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಅಮೆರಿಕದ ಬೇಸ್ ವಾದಕ ಆಂಟನಿ ಜಾಕ್ಸನ್ ತಮ್ಮ ಆರು ತಂತಿಯ ಫೊಡೆರಾ ಕಂಪನಿಯ ಬೇಸ್‌ಗೆ 36 ಇಂಚು ಯಾಕೆ ಇಟ್ಟುಕೊಂಡಿದ್ದರು ಅನ್ನುವುದು ಈಗ ನನಗೆ ಅರ್ಥವಾಗುತ್ತಿದೆ.

ನೆಕ್ ಮೇಪಲ್ ಮತ್ತು ವೆಂಗೆ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು, ಫಿಂಗರ್‌ಬೋರ್ಡ್ (ಬೆರಳು ಒತ್ತುವ ಮೇಲ್ಪಟ್ಟಿ) ಎಬನಿ ಮರದ್ದು. ಮಾಡಿಕೊಟ್ಟವರು ನೆಕ್‌ನ ಹಿಂಭಾಗವನ್ನು ನನ್ನ ಕೈ ನೋಡಿಕೊಂಡೇ ಉಜ್ಜಿದರು. ಅಂಗಡಿಯ ಬೇಸ್‌ನಲ್ಲಿ ಈ ಸುಖ ಎಲ್ಲಿ ಸಿಗುತ್ತದೆ, ಅಲ್ವಾ?

ಮೊದಲ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು) ಬೆರಳು ಸ್ವಲ್ಪ ಜಾಸ್ತಿ ಚಾಚಬೇಕು, ಅದು ನಿಜ. ಇನ್ನೊಂದು ಮಾತು: ತಂತಿ ಬಾಡಿಯ ಹಿಂದಿನಿಂದ ಬರುವಂತೆ ಮಾಡಿಸುವವರಿಗೆ ಎಕ್ಸ್‌ಟ್ರಾ ಲಾಂಗ್ ತಂತಿಯ ಸೆಟ್ಟೇ ಬೇಕಾಗಬಹುದು, ಮೊದಲೇ ಅಳತೆ ಕೇಳಿ. ಒಳಗಿನ ಪ್ರಿಆಂಪ್ (ಸದ್ದು ಹೊಂದಿಸುವ ಸರ್ಕ್ಯೂಟ್) 9 ವೋಲ್ಟ್‌ನದು. ಬ್ಯಾಟರಿ ಮುಗಿದರೂ ನುಡಿಸಲಿಕ್ಕೆ ಪ್ಯಾಸಿವ್ ಸ್ವಿಚ್ ಹಾಕಿಸಿದ್ದೇನೆ.

ಮುಂದಿನದು ಫ್ರೆಟ್‌ಲೆಸ್, ಅಂದರೆ ಫ್ರೆಟ್ ಇಲ್ಲದ ಬೇಸ್. ಅದಕ್ಕೆ ಫ್ಲಾಟ್‌ವೂಂಡ್ (ಚಪ್ಪಟೆ ಸುತ್ತಿನ, ನುಣುಪಾದ) ತಂತಿ ಯಾವುದು ಒಳ್ಳೆಯದು, ಹೇಳ್ತೀರಾ?