ಮುಂದಿನ ಚಕ್ರದ ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟ್) ತುಂಡಾಗಿದೆ, ಬೇರಿಂಗೂ ಗುಂಯ್‌ಗುಡುತ್ತಿದೆ. ಎರಡೂ ಮನೆಯಲ್ಲೇ ಆಗುತ್ತಾ?

ನಾಲ್ಕುಗಾಲಿ:
ಗಾಡಿ ಎರಡನೇ ತಲೆಮಾರಿನ ಸ್ವಿಫ್ಟ್, ಪೆಟ್ರೋಲ್. ಮುಂದಿನ ಎಡ ಚಕ್ರದ ನಾಲ್ಕು ಸ್ಟಡ್‌ಗಳಲ್ಲಿ ಒಂದು ತುಂಡು, ಪಕ್ಕದ್ದರ ಥ್ರೆಡ್ ಸವೆದಿದೆ. ವೇಗ 50 ದಾಟಿದರೆ ಅದೇ ಕಡೆಯಿಂದ ಗುಂಯ್ ಅನ್ನೋ ಸದ್ದು. ಬಲಕ್ಕೆ ತಿರುಗಿದಾಗ ಜೋರು, ಎಡಕ್ಕೆ ತಿರುಗಿದಾಗ ಬಹುತೇಕ ಇಲ್ಲ. ಜಾಕ್, ಎರಡು ಸ್ಟ್ಯಾಂಡ್, ಟಾರ್ಕ್ ರೆಂಚ್, ಆಂಗಲ್ ಗ್ರೈಂಡರ್ ಇವೆ, ಪ್ರೆಸ್ ಇಲ್ಲ. ಎರಡೇ ಸ್ಟಡ್ ಹಾಕಿದರೆ ಸಾಕಾ? ಸ್ಟಡ್ ಮೊದಲಾ, ಬೇರಿಂಗ್ ಮೊದಲಾ?

ಸ್ಪ್ಯಾನರ್19:
ಬಲಕ್ಕೆ ತಿರುಗಿದಾಗ ಭಾರ ಎಡಗಡೆಗೆ ಬೀಳುತ್ತೆ, ಹಾಗಾಗಿ ಎಡ ಬೇರಿಂಗೇ ಅನುಮಾನ. ಆದರೂ ಟೈರ್ ಸದ್ದು ಇದೇ ಥರ ಮೋಸ ಮಾಡುತ್ತೆ. ಗಾಡಿ ಎತ್ತಿ, ಒಂದು ಕೈಯಲ್ಲಿ ಸ್ಪ್ರಿಂಗ್ ಹಿಡಿದು ಇನ್ನೊಂದರಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಸ್ಪ್ರಿಂಗ್‌ನಲ್ಲಿ ಗರಗರ ಕೈಗೇ ತಿಳಿಯುತ್ತೆ. ಆಮೇಲೆ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ ಅಲುಗಾಟ) ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ-ಬಲಕ್ಕೆ ಮಾತ್ರ ಪ್ಲೇ ಇದ್ದರೆ ಟೈ ರಾಡ್ (ಸ್ಟೀರಿಂಗ್ ಕಡೆಯಿಂದ ಚಕ್ರಕ್ಕೆ ಬರುವ ಕಡ್ಡಿ) ನೋಡಿ.

ಬೇರಿಂಗೇ ಅಂತ ಖಚಿತವಾದರೆ ಸ್ಟಡ್ ಕೆಲಸ ಬೇರೆ ಮಾಡಬೇಡಿ. ಬೇರಿಂಗ್‌ಗಾಗಿ ಹಬ್ (ಸ್ಟಡ್‌ಗಳು ಕೂತಿರುವ, ಚಕ್ರ ಕೂರುವ ಭಾಗ) ಹೇಗೂ ಹೊರಗೆ ಬರುತ್ತೆ. ಬರೀ ಹಬ್ ಕೈಯಲ್ಲಿರುವಾಗಲೇ ನಾಲ್ಕೂ ಸ್ಟಡ್ ಬದಲಿಸಿ, ಆಮೇಲೆ ಹೊಸ ಬೇರಿಂಗ್‌ಗೆ ಹಬ್ ಒತ್ತಿಸಿ. ನಾಲ್ಕೂ ಯಾಕೆ ಅಂದರೆ, ಒಂದು ತುಂಡಾದ ಮೇಲೆ ಅದರ ಪಾಲಿನ ಹೊರೆ ಉಳಿದ ಮೂರರ ಮೇಲೆ ಬಿದ್ದಿರುತ್ತೆ. ಒಳಗೆ ಬಿರುಕು ಶುರುವಾಗಿದ್ದರೆ ಕಣ್ಣಿಗೆ ಕಾಣೋದಿಲ್ಲ. ಸೈಜ್ ಎಂ12, ಪಿಚ್ (ಥ್ರೆಡ್‌ಗಳ ನಡುವಿನ ಅಂತರ) 1.25. ಹ್ಯುಂಡೈ, ಹೋಂಡಾ, ಟೊಯೊಟಾಗಳದ್ದು 1.5 ಪಿಚ್, ಅಂಗಡಿಯವರು ಅದನ್ನೇ ಕೊಟ್ಟುಬಿಡಬಹುದು. ಹಳೇ ಸ್ಟಡ್ ಒಯ್ದು ತಲೆಯ ಹತ್ತಿರದ ಹಲ್ಲಿರುವ ಭಾಗದ ದಪ್ಪ, ಒಟ್ಟು ಉದ್ದ ಎರಡೂ ತಾಳೆ ನೋಡಿ. ನಟ್‌ಗಳೂ ಹೊಸವೇ ಇರಲಿ.

ಗ್ರೀಸ್‌ಕೈ:
ಅಷ್ಟೆಲ್ಲ ಯಾಕೆ ಸ್ವಾಮಿ? ಡಿಸ್ಕ್ ಬಿಚ್ಚಿ, ಹಳೇದನ್ನು ಹೊಡೆದು ಉದುರಿಸಿ, ಹೊಸದನ್ನು ಹಿಂದಿನಿಂದ ತೂರಿಸಿ ನಟ್ ಬಿಗಿದರೆ ಎಳೆದುಕೊಂಡು ಕೂರುತ್ತೆ. ಅರ್ಧ ಗಂಟೆ ಕೆಲಸ.

ಲೇತ್‌ಮನೆ:
ಎಳೆಯೋದು ಸರಿ, ಹೊಡೆಯೋದು ತಪ್ಪು. ಬೇರಿಂಗ್ ಒಳಗಿರುವಾಗ ಹಬ್ ಮೇಲೆ ಬಿದ್ದ ಪ್ರತಿ ಏಟೂ ಗುಂಡುಗಳ ಮೂಲಕ ರೇಸ್‌ಗೆ (ಗುಂಡುಗಳು ಉರುಳುವ ಉಂಗುರ) ಹೋಗಿ ಅಲ್ಲಿ ಸಣ್ಣ ಕುಳಿ ಬೀಳುತ್ತೆ. ಕೆಲವು ನೂರು ಕಿಲೋಮೀಟರ್ ಆದಮೇಲೆ ಅದೇ ಸದ್ದಾಗಿ ವಾಪಸ್ ಬರುತ್ತೆ. ಬೇರಿಂಗ್ ಚೆನ್ನಾಗಿದ್ದು ಸ್ಟಡ್ ಮಾತ್ರ ಹಾಕುವವರು ಹಳೇದನ್ನು ಸಿ-ಕ್ಲಾಂಪ್ ಅಥವಾ ಬಾಲ್ ಜಾಯಿಂಟ್ ಪುಲ್ಲರ್‌ನಿಂದ ಒತ್ತಿ ತೆಗೀಬೇಕು. ಹೊಸದಕ್ಕೆ ನಾಲ್ಕೈದು ದಪ್ಪ ವಾಷರ್, ನಡುವೆ ಚೂರು ಗ್ರೀಸ್, ಮೇಲೊಂದು ಹಳೇ ನಟ್ ತಿರುವುಮುರುವಾಗಿ, ಅಂದರೆ ಚಪ್ಪಟೆ ಮುಖ ವಾಷರ್ ಕಡೆಗೆ. ಸ್ಟಡ್‌ನ ತಲೆ ಹಬ್‌ಗೆ ಅಂಟಿದ ತಕ್ಷಣ ನಿಲ್ಲಿಸಿ, ಇಂಪ್ಯಾಕ್ಟ್ ಗನ್ ಮುಟ್ಟಲೇಬೇಡಿ. ಆ ನಟ್ಟನ್ನು ಆಮೇಲೆ ಚಕ್ರಕ್ಕೆ ಹಾಕಬೇಡಿ, ಅದರ ಥ್ರೆಡ್ ಎಳೆದಿರುತ್ತೆ.

ಇವರ ಗಾಡಿಯಲ್ಲಿ ಬೇರಿಂಗೇ ಹೋಗಿದ್ದರೆ ಮಾತೇ ಬೇರೆ. ಗಾಡಿ ನೆಲದ ಮೇಲಿರುವಾಗಲೇ, ಬ್ರೇಕ್ ಒತ್ತಿಸಿಕೊಂಡು ಡ್ರೈವ್ ಶಾಫ್ಟ್ ನಟ್ ಸಡಿಲಿಸಿ. ಅದರ ತುಟಿ ಶಾಫ್ಟ್‌ನ ತೋಡಿನೊಳಗೆ ಬಡಿದಿರುತ್ತೆ, ಮೊದಲು ಅದನ್ನು ಚಾಣದಿಂದ ಎತ್ತಿ. ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ, ಪೈಪ್‌ಗೆ ನೇತುಬಿಡಬೇಡಿ. ಎಬಿಎಸ್ ಇದ್ದರೆ ಸೆನ್ಸರ್ ಮೊದಲೇ ಬಿಚ್ಚಿ ಪಕ್ಕಕ್ಕಿಡಿ. ಟೈ ರಾಡ್ ಎಂಡ್ ಬಿಡಿಸಿ. ಕೆಳಗಿನ ಬಾಲ್ ಜಾಯಿಂಟ್‌ನ ಅಡ್ಡ ಬೋಲ್ಟ್ ಪೂರ್ತಿ ಹೊರಗೆ ಬರಬೇಕು. ಅದು ಪಿನ್ನಿನ ತೋಡಿನಲ್ಲಿ ಕೂತಿರುತ್ತೆ, ಬರೀ ಸಡಿಲಿಸಿ ಎಷ್ಟು ಬಡಿದರೂ ಜಾಯಿಂಟ್ ಬರೋಲ್ಲ. ಸ್ಟ್ರಟ್‌ನ (ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್) ಎರಡು ಬೋಲ್ಟ್ ಬಿಚ್ಚುವ ಮುಂಚೆ ಪೇಂಟ್ ಗುರುತು ಹಾಕಿ. ಡ್ರೈವ್ ಶಾಫ್ಟನ್ನು ಹೊರಗೆ ಎಳೆಯಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತೆ.

ನಾಲ್ಕುಗಾಲಿ:
ನಕಲ್ (ಬೇರಿಂಗ್ ಕೂತಿರುವ ಲೋಹದ ಭಾಗ) ಕೈಗೆ ಬಂತು ಅಂದ್ಕೊಳ್ಳೋಣ. ಒತ್ತಿಸೋದಕ್ಕೆ ಲೇತ್ ಅಂಗಡಿಗೆ ಕೊಟ್ಟರೆ ಅವರಿಗೆ ಏನು ಹೇಳಬೇಕು?

ಲೇತ್‌ಮನೆ:
ಎರಡೇ ಮಾತು. ಬೇರಿಂಗನ್ನು ನಕಲ್‌ಗೆ ಕೂರಿಸುವಾಗ ಒತ್ತಡ ಹೊರ ರೇಸ್ ಮೇಲೆ. ಹಬ್ ಒತ್ತುವಾಗ ಹಿಂದಿನಿಂದ ಒಳ ರೇಸ್‌ಗೆ ಆಸರೆ. ನಕಲ್ ಹೊರಮೈಗೆ ಆಸರೆ ಕೊಟ್ಟು ಹಬ್ ಒತ್ತಿದರೆ ಬಲ ಗುಂಡುಗಳ ಮೂಲಕ ಹಾಯುತ್ತೆ, ಹೊಸ ಬೇರಿಂಗ್ ಅಲ್ಲೇ ಮುಗೀತು. ಪಕ್ಕದಲ್ಲೇ ನಿಂತು ನೋಡಿ.

ಹಬ್ ಕಿತ್ತಾಗ ಹಳೇ ಒಳ ರೇಸ್‌ನ ಅರ್ಧ ಅದಕ್ಕೇ ಅಂಟಿಕೊಂಡು ಬರೋದು ಮಾಮೂಲು. ಗ್ರೈಂಡರ್‌ನಲ್ಲಿ ಓರೆಯಾಗಿ ಮುಕ್ಕಾಲು ದಪ್ಪ ಕೊಯ್ದು ಚಾಣದಿಂದ ಒಂದೇಟು ಕೊಟ್ಟರೆ ಸೀಳುತ್ತೆ. ಹಬ್‌ಗೆ ಗೀರು ಬೀಳಬಾರದು. ಆಳವಾಗಿ ಬಿದ್ದರೆ ಹಬ್ಬೂ ಹೊಸದೇ. ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಉಂಗುರ) ತೆಗೆದ ಮೇಲೆ ಅದರ ತೋಡು, ನಕಲ್‌ನ ಒಳಮೈ ಎರಡರ ತುಕ್ಕನ್ನೂ ಉಜ್ಜಿ ತೆಗೆಯಿರಿ. ಹೊಸ ಸರ್ಕ್ಲಿಪ್ ಪೂರ್ತಿ ಕೂರಲಿಲ್ಲ ಅಂದರೆ ಬೇರಿಂಗ್ ಇನ್ನೂ ತಳ ಮುಟ್ಟಿಲ್ಲ ಅಂತ ಅರ್ಥ.

ಸ್ಪ್ಯಾನರ್19:
ಇದನ್ನು ಓದುವ ಬೇರೆ ಗಾಡಿಯವರಿಗೊಂದು ಮಾತು: ಎಬಿಎಸ್ ಇರುವ ಎಷ್ಟೋ ಗಾಡಿಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲೇ ಅಯಸ್ಕಾಂತದ ಉಂಗುರ. ಅದು ಸೆನ್ಸರ್ ಕಡೆಗೇ ಇರಬೇಕು. ತಿರುವಿ ಹಾಕಿದರೆ ಎಬಿಎಸ್ ದೀಪ ಆರೋಲ್ಲ, ಮತ್ತೆ ಕಿತ್ತರೆ ಬೇರಿಂಗ್ ಹಾಳು. ಪೇಪರ್ ಕ್ಲಿಪ್ ಹಿಡಿದು ನೋಡಿ, ಯಾವ ಬದಿಗೆ ಅಂಟುತ್ತೋ ಅದು.

ಜೋಡಿಸುವಾಗ ಡ್ರೈವ್ ಶಾಫ್ಟ್ ನಟ್ ಹೊಸದು, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ. ಅದು ಸಡಿಲ ಇರುವಾಗ ಗಾಡಿ ಉರುಳಿಸಬೇಡಿ, ಒಳ ರೇಸ್‌ಗಳನ್ನು ಒತ್ತಿ ಹಿಡಿಯೋದೇ ಆ ನಟ್. ಚಕ್ರದ ನಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ. ಈ ಸೈಜಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಪುಸ್ತಕದ ಅಂಕಿಯೇ ಅಂತಿಮ. ಥ್ರೆಡ್‌ಗೆ ಎಣ್ಣೆ ಹಚ್ಚಬೇಡಿ. ಘರ್ಷಣೆ ಕಡಿಮೆಯಾಗಿ ಅದೇ ಟಾರ್ಕ್‌ಗೆ ಸ್ಟಡ್ ಮೇಲೆ ಎಳೆತ ಇನ್ನೂ ಹೆಚ್ಚು ಬೀಳುತ್ತೆ. ಹೊರಡುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗೋವರೆಗೆ ಒತ್ತಿ, 50–100 ಕಿಲೋಮೀಟರ್ ಆದಮೇಲೆ ನಟ್‌ಗಳನ್ನು ಮತ್ತೆ ನೋಡಿ, ಅಲೈನ್‌ಮೆಂಟ್ ಮಾಡಿಸಿ.

ಗ್ರೀಸ್‌ಕೈ:
ಸುತ್ತಿಗೆ ಮಾತು ವಾಪಸ್ ತಗೊಂಡೆ. ಒಂದು ಸೇರಿಸ್ತೀನಿ: ಹಳೇ ಬೇರಿಂಗಿನ ಹೊರ ರೇಸ್ ಎಸೀಬೇಡಿ. ಹೊರಮೈ ಚೂರು ಗ್ರೈಂಡ್ ಮಾಡಿದರೆ, ಹೊಸದನ್ನು ಒತ್ತೋದಕ್ಕೆ ಅಳತೆಗೆ ಸರಿಯಾದ ಬಳೆ ಅದೇ.