ಕಾರು ಹೊಳೆಯುತ್ತಿದೆ, ಒಳಗೆ ಮಾತ್ರ ಮುಗ್ಗಲು ವಾಸನೆ

ಪ್ರಶ್ನೆ: ಎರಡು ದಿನ ಕೂತು ಕಾರು ತೊಳೆದೆ. ಮ್ಯಾಟ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲಾ ಆಯ್ತು. ಆದರೂ ಎಸಿ ಹಾಕಿದ ತಕ್ಷಣ ಮುಗ್ಗಲು ವಾಸನೆ ಬರುತ್ತದೆ. ಯಾವ ಜಾಗ ಬಿಟ್ಟೆ?

ಉತ್ತರ: ಕ್ಯಾಬಿನ್ ಫಿಲ್ಟರ್, ಅಂದರೆ ಕಾರಿನೊಳಗೆ ಬರುವ ಗಾಳಿ ಸೋಸುವ ಫಿಲ್ಟರ್, ನೋಡಿದಿರಾ? ತುಂಬಾ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಪೇಪರಿನದಾದರೆ ತೊಳೆಯಬೇಡಿ, ಬದಲಿಸಿ.

ಉತ್ತರ: ಫಿಲ್ಟರ್ ಸರಿ, ಜೊತೆಗೆ ಬಾಗಿಲನ್ನೂ ನೋಡಿ. ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಇಳಿದ ನೀರು ಅಲ್ಲಿಂದಲೇ ಹೊರಗೆ ಹೋಗಬೇಕು. ನಾನು ಮೂರು ವರ್ಷ ಅವನ್ನು ಗಮನಿಸಿಯೇ ಇರಲಿಲ್ಲ. ಒಂದು ದಿನ ಬಾಗಿಲು ತೆರೆದಾಗ ಒಳಗೆ ನೀರು ಗುಳುಗುಳು ಎಂದಿತು! ಪ್ಲಾಸ್ಟಿಕ್ ಕಡ್ಡಿಯಿಂದ ಮಣ್ಣು ತೆಗೆದೆ, ಅರ್ಧ ಲೋಟದಷ್ಟು ಕಪ್ಪು ನೀರು ಸುರಿಯಿತು. ಕಬ್ಬಿಣದ ತಂತಿ ಬೇಡ, ಪೇಂಟ್ ಕೆರೆದು ತುಕ್ಕು ಹಿಡಿಯುತ್ತದೆ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕೊಳೆತಿದೆಯಾ ನೋಡಿ, ಎಸಿಗೆ ಹೊರಗಿನ ಗಾಳಿ ಅಲ್ಲಿಂದಲೇ ಬರುವುದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು, ಕ್ಲಿಪ್ ಹಾಕಿ ಹಿಡಿಸಿ, ತೆಳು ಸೋಪು ನೀರಿನಲ್ಲಿ ಒರೆಸಿ. ಚೆನ್ನಾಗಿ ಒಣಗುವ ತನಕ ಒಳಗೆ ಬಿಡಬೇಡಿ. ಬ್ಲೀಚ್ ಹಾಕಲೇಬೇಡಿ, ಬೆಲ್ಟಿನ ನೂಲು ಸಡಿಲವಾಗುತ್ತದೆ. ಅದು ಜೀವ ಉಳಿಸುವ ವಸ್ತು ಅಲ್ವಾ.

ಪ್ರಶ್ನೆ ಕೇಳಿದವರು: ಜಾಲರಿಯಲ್ಲೇ ಇತ್ತು! ಒಂದು ಹಿಡಿ ಒದ್ದೆ ಎಲೆ, ಗೊಬ್ಬರದ ಹಾಗೆ. ಫಿಲ್ಟರ್ ಕೂಡ ಕಪ್ಪಾಗಿತ್ತು, ಬದಲಿಸಿದೆ. ವಾಸನೆ ಬಹಳ ಕಡಿಮೆಯಾಗಿದೆ. ಬಾಗಿಲ ತೂತುಗಳನ್ನು ನಾಳೆ ಬೆಳಿಗ್ಗೆ ನೋಡುತ್ತೇನೆ.