ಹರಕೆ ಇರಲಿ, ಮಾತ್ರೆ ನಿಲ್ಲಿಸಬೇಡ

ಸುಮಾ, ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡಲು ಕಣ್ಣು ಕಾಣುವುದಿಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ನೋಟ ನೋಡುವವರು ಚೌಡಿ ಕಾಟ ಅಂದರು, 21 ದಿನ ಉಪ್ಪಿಲ್ಲದ ಊಟದ ವ್ರತ, ಅಲ್ಲಿಯವರೆಗೆ ಡಾಕ್ಟರ ಮಾತ್ರೆ ಮುಟ್ಟಬಾರದು ಅಂದರು, ಮಗನ ಮಾತ್ರೆ ನಿಲ್ಲಿಸಲಾ ಅಂತ ಕೇಳಿದ್ದೀಯ. ಬೇಡ ಮಾರಾಯ್ತಿ. ಮಾತ್ರೆ ನಿಲ್ಲಿಸಬೇಡ.

ನಮ್ಮ ಶೀನ, ನನ್ನ ತಮ್ಮ, ಗೊತ್ತಲ್ಲ. ಆಗ ಅವನಿಗೆ 24. ರಾತ್ರಿ ನಿದ್ದೆ ಇಲ್ಲ, ತೋಟ ಮಾರಿ ಶಿವಮೊಗ್ಗದಲ್ಲಿ ಹೋಟೆಲ್ ಇಡುತ್ತೇನೆ ಅಂತ ಒಂದೇ ಹಟ. ಬೆಂಗಳೂರಿನ ನಿಮ್ಹಾನ್ಸಿಗೆ ಕರೆದುಕೊಂಡು ಹೋದೆವು. ಎರಡು ತಿಂಗಳಲ್ಲಿ ಅಡಿಕೆ ಸುಲಿಯಲು ಕೂರುವಷ್ಟಾದ. ಅಷ್ಟರಲ್ಲಿ ಮೈಮೇಲೆ ದೇವರು ಬರುವ ದರ್ಶನದ ಪಾತ್ರಿ ಮಾತ್ರೆ ಬಿಡಿಸಿ ಅಂದ. ಅಪ್ಪ ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದರು. ಒಂದು ತಿಂಗಳು ಏನೂ ಆಗಲಿಲ್ಲ. ದೇವರೇ ವಾಸಿ ಮಾಡಿದ್ದು ಅಂತ ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ಅಲ್ಲೇ ನಾವು ಮೋಸ ಹೋಗಿದ್ದು.

ಆರಿದ್ರಾ ಮಳೆ ಹಿಡಿದಿತ್ತು. ಒಂದು ರಾತ್ರಿ ನೋಡಿದರೆ ಹಾಸಿಗೆ ಖಾಲಿ. ಹಳ್ಳದ ಸಂಕದ ಮೇಲೆ ನಿಂತಿದ್ದ, ನೀರಿನ ಜೊತೆ ಜಗಳ ಆಡುತ್ತಿದ್ದ. ಕೈಯಲ್ಲಿ ಅಮ್ಮನ ಅಡಿಕೆ ಕತ್ತರಿ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಪಂಚೆ ಹಿಡಿದು ಎಳೆದುಕೊಂಡು ಬಂದೆ. ಕಾಲ ತುಂಬ ಇಂಬಳ. ಜಗಲಿಯಲ್ಲಿ ಕೂರಿಸಿ ಒಂದೊಂದಕ್ಕೂ ಸುಣ್ಣ ಹಚ್ಚಿ ಬಿಡಿಸಿದೆ, ಅವನಿಗೆ ಅದರ ಅರಿವೇ ಇಲ್ಲ. ಅದಕ್ಕೇ ಹೇಳುತ್ತೇನೆ, ಮಾತ್ರೆ ನಿಲ್ಲಿಸಬೇಡ. ಡಾಕ್ಟರನ್ನು ಕೇಳದೆ ಅರ್ಧ ಮಾತ್ರೆಯೂ ಕಡಿಮೆ ಮಾಡಬೇಡ.

ನಾನೇನು ದೇವರನ್ನು ಬಿಟ್ಟವಳಲ್ಲ. ಶೀನನ ತೋಳಲ್ಲಿ ತಾಯಿತವೂ ಇತ್ತು. ಡಾಕ್ಟರು ಬಿಚ್ಚು ಅನ್ನಲಿಲ್ಲ, ಅದೂ ಇರಲಿ, ಇದನ್ನೂ ನುಂಗಲಿ ಅಂದರು ಅಷ್ಟೆ.

ಈಗ ಎಷ್ಟೋ ವರ್ಷದಿಂದ ಹುಷಾರಾಗಿದ್ದಾನೆ. ಆದರೆ ನಮ್ಮವರು! ಮದುವೆ ಕಾಗದ ಕೊಡಲು ಬಂದವರು, ಶೀನನನ್ನು ಕರೆದುಕೊಂಡು ಬರಬೇಡಿ, ಗಂಡಿನ ಕಡೆಯವರು ಇರುತ್ತಾರೆ ಅಂದರು. ಸಕ್ಕರೆ ಕಾಯಿಲೆಯವರಿಗೆ ಹಾಗೆ ಹೇಳುತ್ತೀರಾ? ಅದೇ ಮದುವೆಗೆ 300 ಬಾಳೆಎಲೆ ಕೊಯ್ದು ಕಳಿಸಿದ್ದು ಶೀನನೇ. ಯಾರು ಅಂತ ಹೇಳುವುದಿಲ್ಲ, ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ಹೇಳಬೇಕಾದ್ದೇ ಮರೆತೆ ನೋಡು. ಮಾತ್ರೆ ಸ್ಟ್ರಿಪ್ ಮೇಲೆ ಲಿಥಿಯಂ ಅಂತ ಇದೆಯಾ? ಶೀನನಿಗೂ ಅದೇ. ಹಾಗಿದ್ದರೆ ಉಪ್ಪು ಬಿಡುವ ಹಾಗೇ ಇಲ್ಲ. ಉಪ್ಪು, ನೀರು ಕಡಿಮೆಯಾದರೆ ಆ ಔಷಧಿ ರಕ್ತದಲ್ಲಿ ಏರಿ ನಂಜಾಗುತ್ತದೆ. ಕೈ ಜೋರಾಗಿ ನಡುಗಿದರೆ, ವಾಂತಿ ಆದರೆ, ಮಾತು ತೊದಲಿದರೆ ಸೀದಾ ಆಸ್ಪತ್ರೆಗೆ ಹೋಗಿ. ವ್ರತ ಮಾಡಲೇಬೇಕು ಅಂದರೆ ಸಿಹಿ ಬಿಡಲಿ. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ಸರ್ಕಾರದ್ದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವುದುಂಟು, ಈ ವಾರ ಇದ್ದಾರಾ ಕೇಳಿಕೋ. ಇಲ್ಲದಿದ್ದರೆ ಶಿವಮೊಗ್ಗ ಮೆಗ್ಗಾನ್‌ಗೆ ಹೋಗಿ. ಇವತ್ತು ರಾತ್ರಿ ಅವನ ಪಕ್ಕ ಯಾರಾದರೂ ಮಲಗಿ.

ಸ್ಟ್ರಿಪ್ಪಿನ ಫೋಟೋ ನನಗೊಬ್ಬಳಿಗೇ ಕಳಿಸು. ಗುಂಪಿಗೆ ಹಾಕಬೇಡ.